ನಿನಗೆ ಹೇಳದೆ ಉಳಿಸಿಕೊಂಡ ಮಾತು

ವಿನುತಾ, ಅಂದು ಕೊಚ್ಚಿಯ ಪಾಲಾರಿವಟ್ಟದ ಡಾಕ್ಟರಮ್ಮ ನಿನಗೆ ಸ್ಕ್ಯಾನಿಂಗ್ ಮಾಡಿಸಲೇಬೇಕು ಎಂದಿದ್ದರು. ನಾನು ನಿನಗೆ ಹೇಳಲಿಲ್ಲ. ಮರೆತು ಅಲ್ಲ — ಬೇಕೆಂದೇ.

ನೀನು ಕೊಚ್ಚಿಗೆ ಕೆಲಸಕ್ಕೆ ಬಂದ ಹೊಸತು. ಮತ್ತೆ ಮತ್ತೆ ಕಿಬ್ಬೊಟ್ಟೆ ನೋವು; ಮುಟ್ಟಿನ ದಿನಗಳಲ್ಲಷ್ಟೇ ಅಲ್ಲ, ಮುಗಿದ ಮೇಲೂ. ನಾನು ತಿರುವನಂತಪುರದ ಬ್ಯಾಂಕಿಗೆ ರಜೆ ಹಾಕಿ ಬಂದು ನಿನ್ನನ್ನು ಕರೆದೊಯ್ದೆ. ನೀನು ಮೂತ್ರ ಪರೀಕ್ಷೆಗೆ ಕೊಡಲು ಹೋಗಿದ್ದಾಗ ಅವರು ನನಗೆ ಮಲಯಾಳದಲ್ಲಿ ಬಿಡಿಸಿ ಹೇಳಿದರು. ಬರೀ ಮುಟ್ಟಿನ ನೋವಿರಬಹುದು, ಮೂತ್ರದ ಸೋಂಕಿರಬಹುದು, ಕರುಳಿನ ತೊಂದರೆಯೂ ಇರಬಹುದು, ಇಲ್ಲವೇ ಅಂಡಾಶಯದಲ್ಲಿ ನೀರುಗುಳ್ಳೆ, ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವುದು — "ಊಹೆ ಮಾಡುತ್ತ ಕೂರಬೇಡ ಮೋಳೇ, ನೋಡಿಬಿಡೋಣ" ಎಂದರು, ಮಗಳನ್ನು ಕರೆದಂತೆ.

ಆ ವಾರವೇ ಮೈಸೂರಿನ ನಮ್ಮ ಮನೆಗೆ ನಿನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಗರ್ಭಕೋಶ ಎಂಬ ಮಾತು ಅವರ ಕಿವಿಗೆ ಬಿದ್ದರೆ — ನನ್ನ ಯೋಚನೆ ಅಲ್ಲಿಗೇ ನಿಂತಿತು.

"ಏನಂದ್ರಕ್ಕಾ?" ಎಂದು ಕೇಳಿದೆ ನೀನು.

"ಉಷ್ಣ ಕಣೇ. ಜೀರಿಗೆ ನೀರು ಕುಡೀಬೇಕಂತೆ."

"ಇಲ್ಲಿ ಹೋಟ್ಲಲ್ಲಿ ಕೂತ್ರೆ ಸಾಕು, ಅದೇ ತಂದಿಡ್ತಾರೆ! ಇದಕ್ಕೆ ಡಾಕ್ಟರ್ ಬೇಕಿತ್ತಾ?"

ಇಬ್ಬರೂ ನಕ್ಕೆವು. ಆ ಸಂಬಂಧವೂ ಕೂಡಿಬರಲಿಲ್ಲ.

ಮರುವರ್ಷ ನೀನು ಎಡಪ್ಪಳ್ಳಿಯ ಆಫೀಸಿನಲ್ಲಿ ನೋವಿನಿಂದ ಕುಸಿದೆ. ಗುಳ್ಳೆ ದೊಡ್ಡದಾಗಿ ಅಂಡಾಶಯ ತಿರುಚಿಕೊಂಡಿತ್ತು, ತೆಗೆಯಬೇಕಾಯಿತು. ಮೊದಲೇ ಗೊತ್ತಾಗಿದ್ದರೆ ಉಳಿಸಬಹುದಿತ್ತೇನೋ ಎಂದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಅಳುತ್ತಿದ್ದ ನನ್ನನ್ನು ನೀನೇ ಸಮಾಧಾನ ಮಾಡಿದೆ.

ಆಮೇಲಿನ ನಿನ್ನನ್ನು ನೆನೆದರೆ — ಎಂಥ ಹುಡುಗಿ ನೀನು! ನಿನ್ನ ಹಾಸ್ಟೆಲಿನಲ್ಲಿ ಯಾರಾದರೂ ಹೊಟ್ಟೆ ಹಿಡಿದು ಮುದುಡಿದರೆ ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆ. ನನ್ನ ಮನೆಗೆ ಬಂದಾಗ, ಮೊಣಕಾಲು ಎನ್ನುವಷ್ಟೇ ಸಲೀಸಾಗಿ, ಊಟದ ಮೇಜಿನಲ್ಲಿ ಗರ್ಭಕೋಶ ಎನ್ನುತ್ತಿದ್ದೆ. ನಾನು ತಲೆ ತಗ್ಗಿಸುತ್ತಿದ್ದೆ — ನಾಚಿಕೆ ಎಂದುಕೊಂಡಿದ್ದೆಯಲ್ಲವೇ?

ಈ ಸಲದ ಮಳೆಗಾಲದ ಜ್ವರ ನಿನ್ನನ್ನು ಒಯ್ದಿತು. ವೈಕುಂಠ ಸಮಾರಾಧನೆ ಮುಗಿದ ಮೇಲೆ ನಿನ್ನ ರೂಮಿನಲ್ಲಿದ್ದ ಪುತ್ತೂರಿನ ಹುಡುಗಿ ನಿನ್ನ ಬಟ್ಟೆಬರೆ ತಂದಳು. ತಿರುವನಂತಪುರದ ತಂಪಾನೂರ್ ಸ್ಟೇಷನ್ನಿನಲ್ಲಿ ಇಳಿದವಳೇ ನನ್ನ ಕೈ ಹಿಡಿದುಕೊಂಡಳು.

"ನೀವೇ ಅಲ್ವಾ ದೊಡ್ಡಕ್ಕ? ವಿನುತಕ್ಕ ನನ್ನನ್ನ ಸ್ಕ್ಯಾನಿಂಗಿಗೆ ಎಳ್ಕೊಂಡು ಹೋಗುವಾಗ ಹೇಳಿದ್ರು — ನಂಗೆ ನೋವು ಅಂದ ಕೂಡ್ಲೇ ಓಡಿ ಬಂದದ್ದು ನಮ್ಮಕ್ಕ ಒಬ್ಳೇ, ಅವಳನ್ನ ನೋಡಿಯೇ ನಾನು ಇದನ್ನ ಕಲ್ತದ್ದು ಅಂತ."

ಸುಮ್ಮನಿದ್ದುಬಿಡಬಹುದಿತ್ತು. ಇಷ್ಟು ಕಾಲ ಹಾಗೇ ಇದ್ದವಳು. ಆದರೆ ನಿನ್ನ ಒಳ್ಳೆಯತನಕ್ಕೂ ನಾನೇ ಕಾರಣ ಎಂದು — ಅದನ್ನೂ ತೆಗೆದುಕೊಳ್ಳಲಾಗಲಿಲ್ಲ. ಪ್ಲಾಟ್‌ಫಾರಂ ಮೇಲೆಯೇ ಎಲ್ಲ ಹೇಳಿದೆ.

ಅವಳು ಕೊನೆಯವರೆಗೂ ಕೇಳಿದಳು. ಆಮೇಲೆ ಮೆಲ್ಲನೆ ಕೈ ಬಿಡಿಸಿಕೊಂಡು, ನಿನ್ನ ಬ್ಯಾಗನ್ನು ತಾನೇ ಎತ್ತಿಕೊಂಡು ಮುಂದೆ ನಡೆದಳು. ನಾನು ಅವಳನ್ನು ಕರೆಯಲಿಲ್ಲ.