ನಾಳೆಗೆ ಒಪ್ಪದ ನರ್ಸಬಾಯಿ

ಲಸಿಕೆಯ ಡಬ್ಬಿ ಹೊತ್ತು ಹೊತ್ತು ನಮ್ಮ ನರ್ಸಬಾಯಿಯ ಬಲಭುಜ ಎಡಕ್ಕಿಂತ ಎರಡು ಬೆರಳು ಕೆಳಗಿಳಿದಿತ್ತು. ಠಾಣಾ ಕುಶನೂರಿನಲ್ಲಿ ಬಸ್ಸಿಳಿದು ತೊಗರಿ ಹೊಲಗಳ ನಡುವೆ ನಮ್ಮೂರಿಗೆ ನಡೆದು ಬರುತ್ತಿದ್ದರು. ಬಸುರಿ ಇರುವ ಮನೆಯಲ್ಲಿ ಕುರ್ಚಿ ಕೊಟ್ಟರೂ ಕೂರದೆ, ನೇರ ಒಲೆಯ ಹತ್ತಿರ ಹೋಗಿ ಪಾತ್ರೆಯ ಮುಚ್ಚಳ ತೆಗೆಯುವರು. "ಇದ್ರಾಗ ಸೊಸಿ ಪಾಲು ಎಷ್ಟರಿ?" ಎಂದರೆ ಎಂಥ ಅತ್ತೆಯೂ ತಬ್ಬಿಬ್ಬಾಗಬೇಕು.

ನನಗೆ ಎಂಟು ತಿಂಗಳು ತುಂಬಿದಾಗ ಕಾಲು ಬಾತವು, ತಲೆ ಸಿಡಿಯತೊಡಗಿತು. ಚೊಚ್ಚಲ ಬಸುರಿಗೆ ಇದೆಲ್ಲ ಇದ್ದದ್ದೇ ಎಂದರು ಅತ್ತೆ. ಒಂದು ಮಧ್ಯಾಹ್ನ ನರ್ಸಬಾಯಿ ಬಂದು ಬಿ.ಪಿ. ನೋಡಿದರು. ಮತ್ತೊಮ್ಮೆ ನೋಡಿದರು.

"ಈಗಿಂದೀಗ ಬೀದರಿಗಿ ಹೋಗ್ಬೇಕ್ರಿ."

"ಇವತ್ತು ಅಮಾಸಿ ಅದರಿ. ನಾಳಿ ಮುಂಜಾನಿ ಕರ್ಕೊಂಡು ಹೋಗ್ತೇವ್ರಿ," ಎಂದರು ಅತ್ತೆ.

ನರ್ಸಬಾಯಿ ಜಗಳಕ್ಕೆ ನಿಲ್ಲಲಿಲ್ಲ. ಅತ್ತೆಯ ಕೈ ಹಿಡಿದು, ಅವರ ಹೆಬ್ಬೆರಳನ್ನೇ ನನ್ನ ಕಾಲಿನ ಮೇಲೆ ಒತ್ತಿಸಿದರು. ಬೆರಳು ತೆಗೆದ ಮೇಲೂ ಕುಳಿ ಹಾಗೇ ಉಳಿಯಿತು.

"ಖಟಕ ಚಿಂಚೋಳಿ ಕಡಿ ಡ್ಯೂಟಿ ಇದ್ದಾಗ ಒಬ್ಬಾಕಿ ಕಾಲು ಹಿಂಗೇ ಬಾತಿದ್ವು. ಮನ್ಯಾಗಿನವರು ನಾಳಿ ಅಂದ್ರು. ನಾನೂ ಹೂಂ ಅಂದೆ. ಸಂಜಿಗಿ ಫಿಟ್ಸ್ ಬಂದ್ವು. ತಾಯಿ, ಕೂಸು ಇಬ್ಬರೂ ಉಳೀಲಿಲ್ಲ." ದನಿ ಏರಲಿಲ್ಲ. "ಇನ್ನ ನಾ ಹೂಂ ಅನ್ನಂಗಿಲ್ಲರಿ ಅವ್ವಾ."

ಅತ್ತೆ ಆ ಕುಳಿಯನ್ನೇ ನೋಡುತ್ತ ಕುಳಿತರು. ಆಮೇಲೆ ತಾವೇ ಎದ್ದು ನನ್ನ ಸೀರೆ, ತಾಯಿ ಕಾರ್ಡು ಚೀಲಕ್ಕೆ ಹಾಕಿದರು.

ಆಂಬುಲೆನ್ಸಿನಲ್ಲಿ ಬೀದರ ಮುಟ್ಟುವ ತನಕ ನರ್ಸಬಾಯಿ ನನ್ನ ಪಕ್ಕದಲ್ಲಿದ್ದರು. ಮರುದಿನ ಮಗಳು ಹುಟ್ಟಿದಳು, ತೀರ ಸಣ್ಣವಳು. ಊರಿಗೆ ಮರಳಿದ ಮೇಲೆ, ನಾನು ಕೂಸನ್ನು ಬರಿಯೆದೆಗೆ ಕಟ್ಟಿಕೊಂಡು ಬೆಚ್ಚಗಿಡುವುದನ್ನು ನರ್ಸಬಾಯಿ ತಪ್ಪದೆ ಬಂದು ನೋಡಿಹೋಗುತ್ತಿದ್ದರು. ಎರಡನೆಯದಕ್ಕೆ ಮೂರು ವರ್ಷ ತಡೆಯಬೇಕೆಂದು ಅವರು ಹೇಳಿದ್ದು ನನಗಲ್ಲ, ನನ್ನ ಗಂಡನಿಗೆ. ಹೇಗೆಂಬುದನ್ನೂ ಎದುರು ಕೂರಿಸಿಕೊಂಡು ತಿಳಿಸಿದರು. ಅವನು ತಲೆ ಎತ್ತಲಿಲ್ಲ, ಆದರೆ ಪಾಲಿಸಿದ.

ಊರಿಗೆ ಆಶಾ ಕಾರ್ಯಕರ್ತೆ ಬೇಕಾದಾಗ ನನ್ನ ಹೆಸರನ್ನೇ ಸೂಚಿಸಿದರು. ನನಗೆ ಬರೋದಿಲ್ಲ ಎಂದೆ.

"ಸಾವಿನ ಬಾಗಲತನಾ ಹೋಗಿ ಬಂದೀದಿ. ನಿನ್ನ ಮಾತು ಹೆಣ್ಮಕ್ಕಳು ಕೇಳ್ತಾರ, ಮಾಡು."

ಅಂದಿನಿಂದ ನಾನು ಊರಿನ ಆಶಾ. ನಿವೃತ್ತರಾಗಿ ಭಾಲ್ಕಿಯಲ್ಲಿದ್ದ ಅವರು ಹೋದ ವರ್ಷ ತೀರಿಕೊಂಡರು. ಅವರ ಮಣ್ಣಿಗೆ ಹೋಗಲು ಬಸ್ಸಿಗೆ ಕಾಯುತ್ತಿದ್ದೆ. ಫೋನು ಬಂತು: ನಮ್ಮೂರ ಬಸುರಿಯೊಬ್ಬಳಿಗೆ ನೋವು ಶುರುವಾಗಿದೆ. ಬಸ್ಸು ಬಂದರೂ ಹತ್ತದೆ ಹಿಂದಿರುಗಿದೆ. ಅವಳನ್ನು ಔರಾದ್ ಆಸ್ಪತ್ರೆಗೆ ಸೇರಿಸಿದೆವು. ಭಾಲ್ಕಿಯಲ್ಲಿ ಮಣ್ಣು ಮುಗಿಯುವ ಹೊತ್ತಿಗೆ ಇಲ್ಲಿ ಕೂಸು ಅತ್ತಿತು. ತಾಯಿಯ ಬಿ.ಪಿ. ಸರಿಯಿದೆ ಎಂದು ಕೇಳಿಕೊಂಡು ಹೊರಗೆ ಬಂದೆ. ನರ್ಸಬಾಯಿಗಾಗಿ ಅಳಲು ನನಗೆ ಬಿಡುವಾದದ್ದು ಆಗ.