ಸೇನಾನಿಗೆ ನಾನು ಮಂಜೂರು ಮಾಡಿದ ರಜೆ

ಅಕ್ಟೋಬರ್ ಎಂಟು, ಬುಧವಾರ, ಬೆಳಗ್ಗೆ ಆರೂವರೆ. ಜರ್ಮನಿಯ ಯೇನಾ ಊರಿನಲ್ಲಿರುವ ಮಗಳ ಅಡುಗೆಮನೆ. ಹಾಜರಿದ್ದವರು ನಾನು, ಮಗಳು ಶುಭಾ, ಮತ್ತು ನಮ್ಮಿಬ್ಬರನ್ನೂ ಲೆಕ್ಕಿಸದೆ ಕುದಿಯುತ್ತಿದ್ದ ಕಾಫಿಯ ನೀರು.

ಜರ್ಮನಿಯವರಿಗೆ ಖಾಲಿ ಜಾಗ ಕಂಡರೆ ಆಗದು. ಕೆಲಸಕ್ಕೆ ಅರ್ಜಿ ಹಾಕುವವರ ‘ಲೇಬನ್ಸ್‌ಲೌಫ್’ ಎಂಬ ಜೀವನವಿವರದಲ್ಲಿ ಮೂರು ತಿಂಗಳು ಬಿಟ್ಟುಹೋಗಿದ್ದರೂ ಆಗ ಏನು ಮಾಡುತ್ತಿದ್ದಿರಿ ಎಂದು ವಿಚಾರಿಸುತ್ತಾರಂತೆ. ಇದನ್ನು ಕೇಳಿ ನನಗೆ ಸ್ವಂತ ಕಚೇರಿಗೆ ಮರಳಿದಷ್ಟು ಹಿತವಾಯಿತು. ಮೈಸೂರಿನಲ್ಲಿ ಮೂವತ್ತನಾಲ್ಕು ವರ್ಷ ನೌಕರರ ಸೇವಾ ಪುಸ್ತಕಗಳನ್ನು ಬರೆದವನು ನಾನು. ಯಾರ ಗೈರುಹಾಜರಿಯನ್ನಾದರೂ ಯಾವುದಾದರೊಂದು ರಜೆಗೆ ಹೊಂದಿಸಿ ಸಕ್ರಮಗೊಳಿಸದ ಹೊರತು ನನಗೆ ಊಟ ಸೇರುತ್ತಿರಲಿಲ್ಲ.

ಆದ್ದರಿಂದ ಕೆಳಮನೆಯ ಫ್ರೌ ಲಿನ್, ಅಂದರೆ ಶ್ರೀಮತಿ ಲಿನ್, ಲೆನ್ಸ್ ಕಾರ್ಖಾನೆಯಿಂದ ನಿವೃತ್ತರಾದ ಚೀನೀ ಮಹಿಳೆ, ತಮ್ಮ ತಂದೆಯ ಕುರಿತ ಇಂಗ್ಲಿಷ್ ಟಿಪ್ಪಣಿಗಳನ್ನು ಕ್ರಮಪಡಿಸಿಕೊಡಿ, ಬುಧವಾರ ನಾಲ್ಕಕ್ಕೆ ಬಡಾವಣೆಯ ಹಿರಿಯರ ಕೂಟದಲ್ಲಿ ಮಾತಾಡಬೇಕು ಎಂದಾಗ, ಅವರು ಸರಿಯಾದ ಶಾಖೆಗೇ ಬಂದಿದ್ದಾರೆ ಎನ್ನಿಸಿತು. ತಂದೆ ಹದಿನೆಂಟನೇ ವಯಸ್ಸಿಗೆ ಚೀನಾದ ಕೆಂಪು ಸೇನೆ ಸೇರಿ, ಹುಲ್ಲಿನ ಚಪ್ಪಲಿಯಲ್ಲಿ ಹಿಮದ ಬೆಟ್ಟಗಳನ್ನು ದಾಟಿ, ಸೇನಾನಿಯಾಗಿ, ಕ್ರಾಂತಿಯ ನಂತರ ಒಂದು ಪ್ರಾಂತ್ಯದ ಪಕ್ಷ ಕಾರ್ಯದರ್ಶಿಯಾದವರು. ಬಡ್ತಿಯ ಮೇಲೆ ಬಡ್ತಿ. ನಡುವೆ ಆರು ವರ್ಷ ಖಾಲಿ. ಮತ್ತೆ ಅದೇ ಕುರ್ಚಿ. ಆ ಖಾಲಿಯನ್ನು ನನ್ನ ಕೈ ಸಹಿಸಲಿಲ್ಲ. ‘ಅನಾರೋಗ್ಯ ನಿಮಿತ್ತ ರಜೆ’ ಎಂದು ಟೈಪು ಮಾಡಿ, ಮಗಳಿಗೆ ತೋರಿಸಿದೆ.

“ಅಪ್ಪಾ, ಪಾಪ ಅವರ ಫ್ಯಾಮಿಲಿ ಹಿಸ್ಟರಿನ ಆಫೀಸ್ ಫೈಲ್ ಮಾಡ್ಬಿಟ್ರಾ?” ಎಂದಳು. ಅಸೂಯೆ ಎಂದುಕೊಂಡು, ಒಂಬತ್ತಕ್ಕೆ ಸರಿಯಾಗಿ ಕೆಳಗಿಳಿದೆ.

ಫ್ರೌ ಲಿನ್ ಎರಡು ಸಲ ಓದಿದರು. ಗೆಳೆಯನ ವಿರುದ್ಧ ಸುಳ್ಳು ಹೇಳಿಕೆ ಕೊಡದ್ದಕ್ಕೆ ಪಕ್ಷದವರೇ ತಂದೆಯನ್ನು ಹಂದಿ ಸಾಕಲು ಕಳುಹಿಸಿದ್ದರೆಂದೂ, ಅದನ್ನು ಅಪರಿಚಿತರ ಮುಂದೆ ಹೇಳಬೇಕೋ ಬೇಡವೋ ತಿಳಿಯದೆ ತಾವೇ ಜಾಗ ಖಾಲಿ ಬಿಟ್ಟಿದ್ದಾಗಿಯೂ ತಿಳಿಸಿದರು. ಆಮೇಲೆ ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದರು:

“ಐದು ವರ್ಷ ಆದ್ಮೇಲೆ ಇದೇ ಕಾಗದ ಅವರಿಗೂ ತಂದುಕೊಟ್ಟಿದ್ರು. ಕಾಯಿಲೆ ಇತ್ತು ಅಂತ ಸಹಿ ಹಾಕಿದ್ರೆ ಅವತ್ತೇ ಕೆಲಸ ವಾಪಸ್ಸು. ಅಪ್ಪ ಹಾಕಲಿಲ್ಲ, ಇನ್ನೊಂದು ವರ್ಷ ಹಂದಿ ಕಾದ್ರು. ನೀವು ಹಾಕ್ಬಿಟ್ರಲ್ಲ ಸರ್.”

ಮೈಸೂರಿನ ಕಚೇರಿಯಲ್ಲಿ, ಮುಷ್ಕರದಲ್ಲಿ ಜೈಲು ಸೇರಿದ್ದ ಗುಮಾಸ್ತರೊಬ್ಬರ ಹದಿನೇಳು ದಿನಗಳನ್ನು ನಾನು ಗಳಿಕೆ ರಜೆಗೆ ಸೇರಿಸಿ ಉಪಕಾರ ಮಾಡಿದ್ದೆ. ಅವರು ಕೃತಜ್ಞತೆ ಹೇಳಲಿಲ್ಲವೆಂದು ಬಹುಕಾಲ ಬೇಸರವಿತ್ತು. ಅವರ ಸೇವಾ ಪುಸ್ತಕ ಈಗ ನನ್ನ ಕೈಗೆ ಸಿಗುವುದಿಲ್ಲ. ಈ ಹಾಳೆ ಕೈಯಲ್ಲೇ ಇತ್ತು. ಏನೆಂದು ಬರೆಯಲಿ ಎಂದೆ.

“ಹಂದಿ ಸಾಕಿದರು ಅಂತ ಬರೀರಿ. ಯಾಕೆ ಅಂತಾನೂ ಬರೀರಿ.”

ಹಾಳೆಯ ಮೇಲಿನ ರಜೆಯನ್ನು ಹೊಡೆದುಹಾಕಿ ಅದನ್ನೇ ಬರೆದುಕೊಟ್ಟೆ. ನಾಲ್ಕಕ್ಕೆ ಕೂಟದಲ್ಲಿ ಅವರು ಜರ್ಮನ್ ಭಾಷೆಯಲ್ಲಿ ಮಾತಾಡಿದರು. ಹಂದಿಗಳ ವಿಷಯವನ್ನೂ ಅದರ ಕಾರಣವನ್ನೂ ಬಿಡದೆ ಹೇಳಿದರು. ಬಡ್ತಿಗಳ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಹಿಂದಿನ ಸಾಲಿನ ಮುದುಕರೊಬ್ಬರು ಎದ್ದು, ಬರ್ಲಿನ್ ಗೋಡೆ ಬೀಳುವ ಮೊದಲು ಇದೇ ಊರಿನಲ್ಲಿ ತಮಗೂ ಹೀಗೆಯೇ ಎರಡು ವರ್ಷ ಹೋದವೆಂದೂ, ಜೀವನವಿವರದಲ್ಲಿ ಇಂದಿಗೂ ‘ಕೌಟುಂಬಿಕ ಕಾರಣ’ ಎಂದೇ ಇದೆಯೆಂದೂ ಹೇಳಿ ಕುಳಿತರು; ಶುಭಾ ನನ್ನ ಕಿವಿಯಲ್ಲಿ ಅನುವಾದಿಸಿದಳು. ಫ್ರೌ ಲಿನ್ ಆ ಮುದುಕರ ಪಕ್ಕದ ಕುರ್ಚಿಗೆ ಹೋಗಿ ಕುಳಿತರು.

ಐದೂಮುಕ್ಕಾಲಿಗೆ ಮನೆಗೆ ಬಂದು, ಸೇನಾನಿಯ ರಜೆಯನ್ನು ಕಂಪ್ಯೂಟರಿನಿಂದ ಅಳಿಸಿಹಾಕಿದೆ.