ಸ್ಥಳೀಯ ಪೋಷಕರ ಸಹಿ

ಅವರು ಸುಳ್ಳು ಸಹಿ ಹಾಕುತ್ತಿದ್ದರಂತೆ. ಅದಕ್ಕೇ ಕಾಲೇಜಿನಲ್ಲಿ ವಿದ್ಯಾರ್ಥಿ ಸಹಾಯ ಕೇಂದ್ರ ತೆರೆಯಬೇಕಾಯಿತಂತೆ. ಹಾಸ್ಟೆಲಿನ ಹಳೆಯ ವಿದ್ಯಾರ್ಥಿನಿಯರ ವಾಟ್ಸ್ಯಾಪ್ ಗುಂಪಿನಲ್ಲಿ, ಜೆರಾಕ್ಸ್ ಅಂಗಡಿಯವರ ಸಾವಿನ ಸುದ್ದಿಯ ಕೆಳಗೇ ಈ ಮಾತೂ ಬಂತು. ಮೊದಲನೆಯ ವಾಕ್ಯ ನಿಜ. ಎರಡನೆಯದು ಜಾರಿಕೊಳ್ಳುವ ದಾರಿ. ಮಾರನೆಯ ದಿನ ಕಚೇರಿಯಲ್ಲಿ ಜೆರಾಕ್ಸ್ ಯಂತ್ರದಿಂದ ಬಿಸಿ ಹಾಳೆ ಎತ್ತಿಕೊಂಡೆ. ಆ ಸುಟ್ಟ ಶಾಯಿಯ ವಾಸನೆಗೆ ದಾವಣಗೆರೆಯ ಆ ಅಂಗಡಿ ಕಣ್ಮುಂದೆ ಬಂತು...

ಹಾಸ್ಟೆಲ್ ಗೇಟಿನ ಪಕ್ಕ, ಕಾಲೇಜಿನದೇ ಮಳಿಗೆಯಲ್ಲಿ ಅವರ ಜೆರಾಕ್ಸ್ ಅಂಗಡಿ. ದಿನಾ ಹರಿಹರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಹಾಸ್ಟೆಲ್ ಅರ್ಜಿಯಲ್ಲಿ ‘ಸ್ಥಳೀಯ ಪೋಷಕರು’ ಎಂಬ ಕಾಲಂ ಖಾಲಿ ಬಿಟ್ಟರೆ ಸೀಟಿಲ್ಲ. ಊರಲ್ಲಿ ಒಬ್ಬರ ಪರಿಚಯವೂ ಇಲ್ಲದೆ ಅರ್ಜಿ ಹಿಡಿದು ನಿಂತಿದ್ದ ನನ್ನನ್ನು ಕಂಡು, “ಯಾರೂ ಇಲ್ಲೇನವ್ವ? ಕೊಡು ಇಲ್ಲಿ” ಎಂದರು. ಸಂಬಂಧದ ಜಾಗದಲ್ಲಿ ‘ಸೋದರಮಾವ’ ಎಂದು ಬರೆದು ಸಹಿ ಹಾಕಿದರು. ಇದು ಸುಳ್ಳಲ್ಲವೇ ಎಂದು ವಾದಕ್ಕಿಳಿದೆ.

“ನಮ್ಮಕ್ಕ ಇಂಥ ಜಗಳಗಂಟಿನ ಹಡೆದಾಳೆ ಅಂತ ಇವತ್ತೇ ಗೊತ್ತಾಗಿದ್ದು.”

ಟಾಂಜಾನಿಯಾದಿಂದ ಬಂದಿದ್ದ ನನ್ನ ರೂಮ್‌ಮೇಟ್‌ಗೂ ಅವರೇ ಸೋದರಮಾವ. ವಾರ್ಡನ್ ಮೇಡಂ ಅದನ್ನು ಓದಿ, ನಕ್ಕು, ಸೀಲು ಒತ್ತಿದ್ದರು. ವಿದೇಶಿಯರು ಪೊಲೀಸ್ ಕಚೇರಿಯಲ್ಲಿ ಮಾಡಿಸಬೇಕಾದ ನೋಂದಣಿಗೆ ಯಾವ ಕಾಗದ ಬೇಕು ಎಂದು ಅವಳಿಗೆ ಚೀಟಿ ಬರೆದುಕೊಟ್ಟವರು, ಅವಳ ಸಾರಿಗೆ ಖಾರ ಕಡಿಮೆ ಹಾಕಿ ಎಂದು ಮೆಸ್ಸಿಗೆ ಹೇಳಿ ಬಂದವರು ಈ ಮಾವನೇ. ಕಾಲೇಜಿನ ಕೈಪಿಡಿಯಲ್ಲಿ ವಿದೇಶಿ ವಿದ್ಯಾರ್ಥಿಗಳ ನೆರವಿಗೆ ಒಂದು ಫೋನ್ ನಂಬರ್ ಇತ್ತು. ಅದನ್ನು ಯಾರೂ ಎತ್ತುತ್ತಿರಲಿಲ್ಲ.

ಎರಡನೇ ಸೆಮಿಸ್ಟರಿನ ಒಂದು ಮಧ್ಯಾಹ್ನ ಅವಳಿಗೆ ಅಪೆಂಡಿಕ್ಸ್. ತಕ್ಷಣ ಆಪರೇಷನ್ ಆಗಬೇಕು, ಇಲ್ಲಿನ ಜವಾಬ್ದಾರರು ಯಾರಾದರೂ ಸಹಿ ಹಾಕಿ ಎಂದರು ಆಸ್ಪತ್ರೆಯವರು. ಹಾಳೆ, ಪೆನ್ನು ಎರಡನ್ನೂ ವಾರ್ಡನ್ ಮೇಡಂ ಮುಂದೆ ಹಿಡಿದರು. ಮೇಡಂ ಮೇಲಿನವರಿಗೆ ಫೋನ್ ಮಾಡುತ್ತಲೇ ಇದ್ದರು. ಕೊನೆಗೆ, ಗಾರ್ಡಿಯನ್ನನ್ನು ಕರೆಸಿ ಎಂದರು. ಅವರು ಅಂಗಡಿಯ ಶಟರ್ ಎಳೆದು ಓಡಿ ಬಂದರು. “ಎಲ್ಲಿ ಹಾಕ್ಬೇಕ್ರಿ?” ಎಂದಷ್ಟೇ ಕೇಳಿದ್ದು.

ಅವಳು ಬದುಕಿದಳು. ಚೇತರಿಸಿಕೊಳ್ಳಲು ತನ್ನ ದೇಶಕ್ಕೆ ಹೋದಳು. ಅಲ್ಲಿಂದ ಅವಳ ಅಪ್ಪ, ಆ ‘ಮಾವ’ನಿಗೆ ಕೃತಜ್ಞತೆ ಹೇಳಿ ಕಾಲೇಜಿಗೆ ಪತ್ರ ಬರೆದರು. ಆಗ ಹುಟ್ಟಿತು ಪ್ರಶ್ನೆ: ಯಾವ ಮಾವ? ಅರ್ಜಿಗಳನ್ನು ತೆಗೆದು ನೋಡಿದರೆ ಹಾಸ್ಟೆಲಿನ ಎಷ್ಟೋ ಹುಡುಗಿಯರಿಗೆ ಒಬ್ಬನೇ ಸೋದರಮಾವ. ವಿಚಾರಣೆ ನಡೆಯಿತು. ಹುಡುಗಿಯರಿಗೆ ಸಹಿ ಹಾಕುವವನ ಉದ್ದೇಶವೇನು ಎಂದು ವಿಚಾರಣಾ ಸಮಿತಿಯ ಒಬ್ಬರು ಅನುಮಾನ ತೂರಿಬಿಟ್ಟರು.

ನನ್ನನ್ನೂ ಕರೆದು, ಅವರೆದುರೇ ನಿಲ್ಲಿಸಿ ಕೇಳಿದರು. ಇವರು ನಿನ್ನ ಸೋದರಮಾವನೇ? ನಾನು ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಬಾಯಿ ಮುಚ್ಚಿಸುತ್ತಿದ್ದವಳು. ಅಂದು ಸೀಟು ಹೋದೀತೆಂದು ಹೆದರಿ ಹೇಳಿದೆ: “ಆ ಕಾಲಂ ನಾನು ಬರೆದಿದ್ದಲ್ಲ ಸರ್.” ಒಂದಕ್ಷರವೂ ಸುಳ್ಳಲ್ಲ. ಅದಕ್ಕಿಂತ ನೀಚ ಮಾತನ್ನು ನಾನು ಇನ್ನೂ ಆಡಿಲ್ಲ.

ಅವರು ನನ್ನ ಕಡೆ ನೋಡಲಿಲ್ಲ. “ಹೌದ್ರಿ, ನಾನೇ ಬರ್ದಿದ್ದು. ಹುಡ್ಗೇರ್ನ ಬಿಟ್ಬಿಡ್ರಿ.”

ತಿಂಗಳೊಳಗೆ ಮಳಿಗೆ ಖಾಲಿಯಾಯಿತು. ಹರಿಹರಕ್ಕೆ ಅರ್ಧ ಗಂಟೆಯ ಬಸ್ಸು. ಹೋಗಿ ಕ್ಷಮೆ ಕೇಳಬೇಕೆಂದುಕೊಂಡೆ, ಪರೀಕ್ಷೆ ಮುಗಿಯಲಿ ಎಂದುಕೊಂಡೆ, ಕೆಲಸ ಸಿಗಲಿ ಎಂದುಕೊಂಡೆ... ಈಗ ಕೇಳಲು ಅವರಿಲ್ಲ.

ಆ ವಿಚಾರಣೆಯ ನಂತರ ಕಾಲೇಜು ತೆರೆದ ಸಹಾಯ ಕೇಂದ್ರಕ್ಕೆ ಇಂದು ಅದೇ ವಾರ್ಡನ್ ಮೇಡಂ ಮುಖ್ಯಸ್ಥೆ. ಗುಂಪಿನಲ್ಲಿ ಆ ಎರಡು ವಾಕ್ಯ ಬರೆದವರೂ ಅವರೇ. ನನ್ನ ಹೇಡಿತನವನ್ನು ನಾನು ಬರೆದಾಯಿತು. ಈಗ ನಿಮ್ಮ ಸರದಿ. ಮೇಡಂ, ಆ ಮಧ್ಯಾಹ್ನ ಪೆನ್ನು ಮೊದಲು ಬಂದದ್ದು ನಿಮ್ಮ ಮುಂದೆ. ನೀವ್ಯಾಕೆ ಸಹಿ ಹಾಕಲಿಲ್ಲ?